ಸಾಲುಪಟದ ಭಾರವೆಲ್ಲ ಮೊದಲ ಪಟದ ಅಡ್ಡಕಡ್ಡಿಯ ಮೇಲೆ

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕ. ಎರಡು ದಾರ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಬಹುದಾದ ವಜ್ರಾಕೃತಿಯ ಆರು ಗಾಳಿಪಟಗಳನ್ನು ಮಕ್ಕಳೊಂದಿಗೆ ಸೇರಿ ಮಾಡಿದ್ದೇನೆ. ಬೆನ್ನುಕಡ್ಡಿ 120 ಸೆಂ.ಮೀ., ಅಡ್ಡಕಡ್ಡಿ 100 ಸೆಂ.ಮೀ.; ಎರಡೂ 6 ಮಿ.ಮೀ. ದಪ್ಪದ ಬಿದಿರು. ಒಂದೊಂದೇ ಹಾರಿಸಿದರೆ ಯಾವ ತೊಂದರೆಯೂ ಇಲ್ಲ. ಆರನ್ನೂ ಒಂದರ ಹಿಂದೆ ಒಂದು ಕಟ್ಟಿ ಏರಿಸಿದರೆ ಪ್ರತಿ ಸಲವೂ ನನಗೆ ಹತ್ತಿರವಿರುವ ಮೊದಲ ಪಟದ ಅಡ್ಡಕಡ್ಡಿಯೇ ಮುರಿಯುತ್ತದೆ. ಎಲ್ಲ ಪಟಗಳಿಗೂ ದಪ್ಪ ಕಡ್ಡಿ ಹಾಕಿ ನೋಡಿದೆ. ಆಗ ಸಾಧಾರಣ ಗಾಳಿಗೆ ಸಾಲು ಮೇಲೇಳುವುದೇ ಇಲ್ಲ. ಏರಿಸುವಾಗ ಆರು ಮಕ್ಕಳು ಆರು ಪಟ ಹಿಡಿದು ನಿಲ್ಲಬೇಕಾಗುತ್ತದೆ. ಪಟಗಳನ್ನು ನಿಲ್ಲಿಸಿಕೊಳ್ಳಲು ಒಂದು ಚೌಕಟ್ಟು ಮಾಡುವ ಬಗೆಯನ್ನೂ ತಿಳಿಸಿ.

ಉತ್ತರ: ಮೊದಲ ಪಟವೇ ಮುರಿಯುತ್ತದೆ ಎಂದು ನೀವು ಗಮನಿಸಿ ಬರೆದಿರುವುದರಿಂದ ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಸಿಕ್ಕಿದೆ. ಆರು ಪಟಗಳು ನೋಡಲು ಒಂದೇ ಆಗಿದ್ದರೂ ಸಾಲಿನಲ್ಲಿ ಅವು ಮಾಡುವ ಕೆಲಸ ಒಂದೇ ಅಲ್ಲ. ಹಿಂದಿನ ಐದು ಪಟಗಳ ಕಡ್ಡಿಗಳು ತಮ್ಮ ತಮ್ಮ ಬಟ್ಟೆಯ ಮೇಲಿನ ಗಾಳಿಯನ್ನು ಮಾತ್ರ ತಾಳಿಕೊಳ್ಳಬೇಕು. ಮೊದಲ ಪಟದ ಕಡ್ಡಿಗಳಾದರೋ ಆರೂ ಪಟಗಳ ಎಳೆತದಿಂದ ಹುಟ್ಟುವ ಒತ್ತಡವನ್ನು ಹೊರಬೇಕು. ಆದ್ದರಿಂದ ಎಲ್ಲವನ್ನೂ ದಪ್ಪ ಮಾಡುವುದು ಪರಿಹಾರವಲ್ಲ. ಮೊದಲನೆಯದನ್ನು ಮಾತ್ರ ಬೇರೆ ಬಗೆಯಲ್ಲಿ ಕಟ್ಟಬೇಕು.

ಕಾರಣವನ್ನು ಸ್ವಲ್ಪ ವಿವರವಾಗಿ ನೋಡೋಣ. ಒಂದು ಪಟದಿಂದ ಮುಂದಿನ ಪಟಕ್ಕೆ ಕಟ್ಟುವ ದಾರಗಳನ್ನು ಇಲ್ಲಿ ಕೊಂಡಿದಾರ ಎಂದು ಕರೆಯುತ್ತೇನೆ. ಇವು ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ: ಎಡ ತುದಿಯಿಂದ ಎಡ ತುದಿಗೆ, ಬಲ ತುದಿಯಿಂದ ಬಲ ತುದಿಗೆ, ಬೆನ್ನುಕಡ್ಡಿಯ ಮೇಲಿನ ಬಿಂದುವಿನಿಂದ ಮೇಲಿನ ಬಿಂದುವಿಗೆ, ಕೆಳಗಿನದರಿಂದ ಕೆಳಗಿನದಕ್ಕೆ. ಸಮಾನಾಂತರ ದಾರ ಎಳೆದಾಗ ಎಳೆತ ನೇರ ಮುಂದಕ್ಕೆ ಹೋಗುತ್ತದೆಯೇ ಹೊರತು ಅಡ್ಡಕಡ್ಡಿಯ ಎರಡು ತುದಿಗಳನ್ನು ಒಳಕ್ಕೆ ಅದುಮುವುದಿಲ್ಲ. ಮೊದಲ ಪಟದ ಸೂತ್ರದ, ಅಂದರೆ ಪಟವನ್ನು ಹಾರಿಸುವ ದಾರಕ್ಕೆ ಸೇರಿಸುವ ಎಳೆಗಳ, ಲೆಕ್ಕ ಬೇರೆ. ಅದರ ಎಳೆಗಳು ರೆಕ್ಕೆಯ ತುದಿಗಳಿಂದಲೂ ಬೆನ್ನುಕಡ್ಡಿಯಿಂದಲೂ ಹೊರಟು ಎಡಬಲದ ಎರಡು ಸೂತ್ರದ ಗಂಟುಗಳಲ್ಲಿ ಕೂಡುತ್ತವೆ. ಓರೆಯಾಗಿ ಬಂದು ಕೂಡುವ ಎಳೆಗಳು ಕಡ್ಡಿಯ ತುದಿಗಳನ್ನು ಒಳಕ್ಕೆ ಎಳೆಯುತ್ತವೆ. ಅಂದರೆ ಕಡ್ಡಿಯನ್ನು ಉದ್ದಕ್ಕೆ ಅದುಮುತ್ತವೆ. ಇಡೀ ಸಾಲಿನ ಎಳೆತ ದಿಕ್ಕು ಬದಲಿಸುವುದು ಈ ಒಂದೇ ಜಾಗದಲ್ಲಿ.

ಇನ್ನು ಅಂಕಿಗಳು. ನಿಮ್ಮ ಒಂದು ಪಟದ ಬಟ್ಟೆ ಸುಮಾರು 0.6 ಚದರ ಮೀಟರ್, ಆರಕ್ಕೆ 3.6 ಚದರ ಮೀಟರ್. ಗಂಟೆಗೆ 25 ಕಿ.ಮೀ. ಗಾಳಿಯಲ್ಲಿ ಪಟಗಳು ಒಂದೇ ಕಡೆ ನಿಂತಿದ್ದರೆ ಒಟ್ಟು ಎಳೆತ ಸುಮಾರು 10 ಕಿಲೋ ತೂಕದಷ್ಟು. ಆದರೆ ಎರಡು ದಾರದ ಪಟ ಒಂದೇ ಕಡೆ ನಿಲ್ಲುವುದಿಲ್ಲ. ಅಡ್ಡಕ್ಕೆ ಓಡಿಸಿದಾಗ ತನ್ನ ವೇಗದಿಂದಲೇ ತನಗೆ ತಾಗುವ ಗಾಳಿಯನ್ನು ಹೆಚ್ಚಿಸಿಕೊಳ್ಳುತ್ತದೆ. ತಾಗುವ ಗಾಳಿ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ, ಏಕೆಂದರೆ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹೀಗೆ 10 ಕಿಲೋ ಇದ್ದದ್ದು 40 ಕಿಲೋ ಆಗುತ್ತದೆ. ಇದರಲ್ಲಿ ರೆಕ್ಕೆಯ ತುದಿಯ ಪ್ರತಿಯೊಂದು ಎಳೆಯೂ 10 ಕಿಲೋ ಹೊತ್ತಿತೆಂದು ಇಟ್ಟುಕೊಳ್ಳಿ. ನಿಮ್ಮ ಸೂತ್ರದ ಗಂಟು ಬೆನ್ನುಕಡ್ಡಿಯಿಂದ ಪಕ್ಕಕ್ಕೆ 20 ಸೆಂ.ಮೀ., ಪಟದಿಂದ ಮುಂದಕ್ಕೆ 40 ಸೆಂ.ಮೀ. ದೂರದಲ್ಲಿದ್ದರೆ, 50 ಸೆಂ.ಮೀ. ದೂರದ ತುದಿಯಿಂದ ಬರುವ ಎಳೆಯು 40 ಸೆಂ.ಮೀ. ಮುಂದಕ್ಕೆ ಹೋಗುವಷ್ಟರಲ್ಲಿ 30 ಸೆಂ.ಮೀ. ಒಳಕ್ಕೆ ಬರುತ್ತದೆ. ಹಾಗಾಗಿ ಮುಂದಕ್ಕೆ 10 ಕಿಲೋ ಎಳೆತಕ್ಕೆ ಅಡ್ಡಕಡ್ಡಿಯ ಮೇಲೆ ಏಳೂವರೆ ಕಿಲೋ ಅದುಮು ಬೀಳುತ್ತದೆ. ಒಂದೇ ಪಟ ಹಾರುತ್ತಿದ್ದಾಗ ಅದೇ ಗಾಳಿಯಲ್ಲಿ ಈ ಅದುಮು ಒಂದೂಕಾಲು ಕಿಲೋ ಮಾತ್ರ.

ಈ ಅದುಮನ್ನು ನಿಮ್ಮ ಕಡ್ಡಿ ತಾಳುವುದೇ? 6 ಮಿ.ಮೀ. ಬಿದಿರಿನ ಒಂದು ಮೀಟರ್ ಉದ್ದದ ಕಡ್ಡಿ, ನಡುವೆ ಯಾವ ಆಸರೆಯೂ ಇಲ್ಲದಿದ್ದರೆ, ಸುಮಾರು ಒಂದು ಕಿಲೋ ಅದುಮಿಗೇ ಬಿಲ್ಲಾಗುತ್ತದೆ. ನಡುವೆ ಬೆನ್ನುಕಡ್ಡಿ ಗಟ್ಟಿಯಾಗಿ ಹಿಡಿದಿದ್ದರೆ ಅದರ ನಾಲ್ಕರಷ್ಟು, ಅಂದರೆ ನಾಲ್ಕು ಕಿಲೋದ ಹತ್ತಿರ ತಾಳುತ್ತದೆ. ಒಂದು ಪಟದ ಒಂದೂಕಾಲು ಕಿಲೋ ಅದಕ್ಕೆ ಹಗುರ, ಸಾಲಿನ ಏಳೂವರೆ ಕಿಲೋ ಅದರ ಶಕ್ತಿಗೆ ಮೀರಿದ್ದು. ನಿಮ್ಮ ಅನುಭವ ಈ ಲೆಕ್ಕದೊಂದಿಗೆ ಸರಿಯಾಗಿ ಹೊಂದುತ್ತದೆ.

ನೀವು ಶಿಕ್ಷಕರಾದ್ದರಿಂದ ಇದನ್ನು ತರಗತಿಯಲ್ಲೇ ತೋರಿಸಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ರಬ್ಬರ್ ತುಂಡೊಂದನ್ನು ಇಟ್ಟು ಅದರ ಮೇಲೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಯನ್ನು ಅಂಗೈಯಿಂದ ನಿಧಾನವಾಗಿ ಒತ್ತಿ. ತಕ್ಕಡಿಯ ಅಂಕಿ ಏರುತ್ತಾ ಹೋಗಿ ಒಂದು ಹಂತದಲ್ಲಿ ಕಡ್ಡಿ ತಟ್ಟನೆ ಪಕ್ಕಕ್ಕೆ ಬಿಲ್ಲಾಗುತ್ತದೆ. ಅನಂತರ ಎಷ್ಟು ಒತ್ತಿದರೂ ಅಂಕಿ ಏರುವುದಿಲ್ಲ. ಅದೇ ಆ ಕಡ್ಡಿಯ ಮಿತಿ. ಈಗ ಒಬ್ಬ ವಿದ್ಯಾರ್ಥಿ ಕಡ್ಡಿಯ ನಡುವನ್ನು ಬೆರಳುಗಳಲ್ಲಿ ಹಿಡಿದುಕೊಳ್ಳಲಿ. ಬೆರಳಿನ ಆಸರೆ ಅಲ್ಪವೇ ಆದರೂ ಮಿತಿ ಸುಮಾರು ನಾಲ್ಕು ಪಟ್ಟಾಗುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಬೆನ್ನುಕಡ್ಡಿಯೂ ಅಡ್ಡಕಡ್ಡಿಯೂ ಕೂಡುವ ಗಂಟು ಸಡಿಲವಾಗಿರಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮೊದಲ ಪಟದ ಅಡ್ಡಕಡ್ಡಿಗೆ 8 ಮಿ.ಮೀ. ಗಟ್ಟಿ ಫೈಬರ್‌ಗ್ಲಾಸ್ ಕಡ್ಡಿಯನ್ನು ಬಳಸಿ. ಕಡ್ಡಿಯ ಬಿಗುವು ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ 6 ಮಿ.ಮೀ.ಗಿಂತ 8 ಮಿ.ಮೀ. ಕಡ್ಡಿ ಮೂರು ಪಟ್ಟಿಗಿಂತ ಹೆಚ್ಚು ಬಿಗಿ. ನಡುವಿನ ಆಸರೆ ಸರಿಯಾಗಿದ್ದರೆ ಈ ಕಡ್ಡಿ ಲೆಕ್ಕದ ಪ್ರಕಾರ 30 ಕಿಲೋ ಅದುಮನ್ನು ತಾಳುತ್ತದೆ. ಗಾಳಿಯೂ ಬಟ್ಟೆಯ ಮೂಲಕ ಕಡ್ಡಿಯನ್ನು ಬಾಗಿಸುತ್ತಿರುತ್ತದಾದ್ದರಿಂದ ಆ ಲೆಕ್ಕದ ಮೂರನೆಯ ಒಂದು ಭಾಗವನ್ನು ಮಾತ್ರ ನಂಬಬೇಕು, ಅಷ್ಟು ನಮಗೆ ಸಾಕು. ತೂಕ ಮೀಟರಿಗೆ ಸುಮಾರು 100 ಗ್ರಾಂ. 6 ಮಿ.ಮೀ. ಬಿದಿರಿನ ಒಂದು ಮೀಟರ್ 20 ಗ್ರಾಂ ಆಸುಪಾಸಿನಲ್ಲಿರುತ್ತದೆ. ಒಂದೇ ಪಟದಲ್ಲಿ 80 ಗ್ರಾಂ ಹೆಚ್ಚಾದರೆ ಸಾಲಿಗೆ ಅದು ಲೆಕ್ಕಕ್ಕಿಲ್ಲ. ಆರರಲ್ಲೂ ಹೆಚ್ಚಿಸಿದರೆ ಅರ್ಧ ಕಿಲೋ ಆಗುತ್ತದೆ, ಮತ್ತು ಗಂಟೆಗೆ 10 ಕಿ.ಮೀ. ಗಾಳಿಯಲ್ಲಿ ಇಡೀ ಸಾಲಿನ ಎಳೆತವೇ ಒಂದೂವರೆ ಕಿಲೋ. ನಿಮ್ಮ ದಪ್ಪ ಕಡ್ಡಿಯ ಸಾಲು ಸಾಧಾರಣ ಗಾಳಿಗೆ ಏಳದಿದ್ದುದು ಇದರಿಂದಲೇ. ಹಿಂದಿನ ಐದು ಪಟಗಳಿಗೆ ನಿಮ್ಮ ಹಳೆಯ ಬಿದಿರಿನ ಕಡ್ಡಿಗಳನ್ನೇ ಮತ್ತೆ ಹಾಕಿ.

ಫೈಬರ್‌ಗ್ಲಾಸ್ ಸಿಗದಿದ್ದರೆ ಮೊದಲ ಪಟಕ್ಕೂ ಬಿದಿರೇ ಆಗುತ್ತದೆ, ಆದರೆ 10 ಮಿ.ಮೀ. ದಪ್ಪ ಇರಲಿ, ಬಿದಿರನ್ನು ಆರಿಸುವುದರಲ್ಲಿ ಎಚ್ಚರವಿರಲಿ. ಬಿದಿರಿನ ಬಲವಾದ ನಾರುಗಳು ಹೊರಸಿಪ್ಪೆಯ ಬಳಿ ದಟ್ಟವಾಗಿದ್ದು ಒಳಕ್ಕೆ ಹೋದಂತೆ ವಿರಳವಾಗುತ್ತವೆ. ಸಿಪ್ಪೆಯನ್ನು ಹೆರೆದು ಅಂದವಾಗಿ ದುಂಡಗೆ ಮಾಡಿದ ಕಡ್ಡಿ ನೋಡಲು ಚೆಂದ, ಬಲದಲ್ಲಿ ಬಡವು. ಒಳಭಾಗವನ್ನು ಮಾತ್ರ ಹೆರೆಯಬೇಕು, ಗಿಣ್ಣುಗಳ ಉಬ್ಬನ್ನು ಮಾತ್ರ ಸವರಬೇಕು. ನಿಮ್ಮ ಸೀಮೆಯಲ್ಲಿ ರೇಷ್ಮೆ ಹುಳುವಿಗೆ ಬಿದಿರಿನ ಚಂದ್ರಂಕಿ ಹೆಣೆದ ಕೈಗಳು ಇನ್ನೂ ಇವೆ. ಒಂದೇ ಅಗಲಕ್ಕೆ, ನಾರು ತುಂಡಾಗದಂತೆ ಬಿದಿರು ಸೀಳುವ ವಿದ್ಯೆ ಆ ಮೇದಾರರಿಗೆ ಕರಗತ. ಅಂಗಡಿಯ ಕಡ್ಡಿಗಿಂತ ಅವರ ಬಳಿ ಕೂತು ಸೀಳಿಸಿಕೊಂಡ ಕಡ್ಡಿಯೇ ಮೇಲು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಡ್ಡಿ ಸಿದ್ಧವಾದ ಮೇಲೆ ನಡುವಿನಲ್ಲಿ ಬೆರಳಿಟ್ಟು ತೂಗಿ ನೋಡಿ, ಆಮೇಲೆ ಎರಡೂ ಅರ್ಧಗಳು ಒಂದೇ ಭಾರಕ್ಕೆ ಒಂದೇ ಸಮನಾಗಿ ಬಾಗುತ್ತವೆಯೇ ಎಂದು ಪರೀಕ್ಷಿಸಿ. ಒಂದು ಪಾರ್ಶ್ವ ಹೆಚ್ಚು ಬಾಗುವ ಪಟ ಯಾವಾಗಲೂ ಆ ಕಡೆಗೇ ಎಳೆಯುತ್ತದೆ.

ಅಡ್ಡಕಡ್ಡಿ ಕೂಡುವ ಜಾಗದಲ್ಲಿ ತೂತು ಕೊರೆಯಬೇಡಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪಿನ ಎರಡಂಗುಲದ ತುಂಡನ್ನು ಕಡ್ಡಿಯ ಮೇಲೆ ಬಿಗಿಯಾಗಿ ಏರಿಸಿ, ಬೆನ್ನುಕಡ್ಡಿಯ ಮೇಲೆ ಅಡ್ಡಲಾಗಿಟ್ಟು, ಮೇಣ ಸವರಿದ ದಾರದಿಂದ ಗುಣಾಕಾರವಾಗಿ ಸುತ್ತಿ ಕಟ್ಟಿದರೆ ಸಾಕು.

ಕಡ್ಡಿಯಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆಗೆ ಖರ್ಚೇ ಇಲ್ಲ: ಮೊದಲ ಪಟದ ಸೂತ್ರವನ್ನು ಉದ್ದ ಮಾಡಿ. ಗಂಟು ಪಟದಿಂದ 40 ಸೆಂ.ಮೀ. ಬದಲು 65 ಸೆಂ.ಮೀ. ದೂರದಲ್ಲಿದ್ದರೆ ಎಳೆಗಳ ಓರೆ ಕಡಿಮೆಯಾಗಿ, ಅದೇ 10 ಕಿಲೋ ಎಳೆತಕ್ಕೆ ಅದುಮು ಏಳೂವರೆಯಿಂದ ನಾಲ್ಕೂವರೆ ಕಿಲೋಗೆ ಇಳಿಯುತ್ತದೆ. ಎಳೆಗಳನ್ನು ಉದ್ದ ಮಾಡುವಾಗ ಪಟ ಗಾಳಿಗೆ ಒಡ್ಡಿಕೊಳ್ಳುವ ಕೋನ ಬದಲಾಗಬಾರದು. ಅದಕ್ಕೆ ಪಟವನ್ನು ನೆಲದ ಮೇಲೆ ಮಲಗಿಸಿ, ಗಂಟನ್ನು ಮೇಲಕ್ಕೆತ್ತಿ ಹಿಡಿದು, ಅದು ಬೆನ್ನುಕಡ್ಡಿಯ ಯಾವ ಬಿಂದುವಿಗೆ ನೇರವಾಗಿ ನಿಲ್ಲುತ್ತದೆಂದು ಗುರುತು ಮಾಡಿಕೊಂಡು, ಹೊಸ ಸೂತ್ರದಲ್ಲೂ ಅದೇ ಗುರುತಿಗೆ ತಂದುಕೊಳ್ಳಿ. ಮೊದಲು ಹಾರಿಸಿದಾಗ ಸ್ವಲ್ಪ ತಿದ್ದಬೇಕಾಗಬಹುದು.

ಮುಂದಿನದು ಕೊಂಡಿದಾರ ಕಟ್ಟುವ ಜಾಗ. ಬಹಳ ಜನ ಇದನ್ನು ಬಟ್ಟೆಯ ತೂತಿಗೆ ಕಟ್ಟುತ್ತಾರೆ, ಇಲ್ಲವೇ ಸೂತ್ರದ ಎಳೆ ಕಟ್ಟಿದ ಜಾಗದಿಂದ ಎರಡು ಮೂರು ಬೆರಳು ಆಚೆ ಕಟ್ಟುತ್ತಾರೆ. ಹಾಗಾದಾಗ ಹಿಂದಿನ ಪಟಗಳ ಎಳೆತ ಒಂದು ಬಿಂದುವಿಗೆ ಬಂದು, ಸೂತ್ರದ ಎಳೆತ ಇನ್ನೊಂದು ಬಿಂದುವಿನಿಂದ ಹೋಗಿ, ನಡುವಿನ ಮೂರು ಬೆರಳು ಕಡ್ಡಿಯನ್ನು ಮುರಿಯುವ ಸನ್ನೆಕೋಲಾಗುತ್ತದೆ. ನಾನು ಮೊದಲು ನಾಲ್ಕು ಪಟಗಳ ಸಾಲು ಕಟ್ಟಿದಾಗ ಇದೇ ತಪ್ಪು ಮಾಡಿದ್ದೆ. ಮುರಿದ ಕಡ್ಡಿ ಸರಿಯಾಗಿ ಆ ಎರಡು ಗಂಟುಗಳ ನಡುವೆಯೇ ಸೀಳಿತ್ತು. ಕಡ್ಡಿಯನ್ನು ಸುತ್ತಿ ಕಟ್ಟಿದ ಒಂದೇ ಕುಣಿಕೆಗೆ ಮುಂದಿನಿಂದ ಸೂತ್ರದ ಎಳೆಯೂ ಹಿಂದಿನಿಂದ ಕೊಂಡಿದಾರವೂ ಬರುವಂತೆ ಮಾಡಿ. ಎಳೆತ ದಾರದಿಂದ ದಾರಕ್ಕೆ ನೇರವಾಗಿ ದಾಟಲಿ.

ಪಟದಿಂದ ಪಟಕ್ಕೆ ಅಂತರ ಬೆನ್ನುಕಡ್ಡಿಯ ಮುಕ್ಕಾಲು ಭಾಗದಷ್ಟು ಇಡುವುದು ನನ್ನ ರೂಢಿ. ನಿಮ್ಮ ಅಳತೆಗೆ 90 ಸೆಂ.ಮೀ. ಇದಕ್ಕಿಂತ ಹತ್ತಿರವಾದರೆ ಹಿಂದಿನ ಪಟ ಮುಂದಿನದರ ಮರೆಯಲ್ಲಿ ಬೀಳುತ್ತದೆ. ಐದು ಅಂತರಗಳಿಗೆ ನಾಲ್ಕು ನಾಲ್ಕರಂತೆ ಇಪ್ಪತ್ತು ಕೊಂಡಿದಾರಗಳು ಬೇಕು, ಇಪ್ಪತ್ತೂ ಒಂದೇ ಉದ್ದ ಇರಬೇಕು. ಒಂದೊಂದರಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸ ಒಂದೇ ಮಗ್ಗುಲಿಗೆ ಕೂಡುತ್ತಾ ಹೋದರೆ ಕೊನೆಯ ಪಟ ಒಂದೂವರೆ ಸೆಂಟಿಮೀಟರ್ ಓರೆಯಾಗಿ ನಿಂತು ಸಾಲನ್ನೆಲ್ಲ ಆ ಕಡೆಗೆ ಎಳೆಯುತ್ತದೆ. ಹಲಗೆಯ ಮೇಲೆ 90 ಸೆಂ.ಮೀ. ದೂರಕ್ಕೆ ಎರಡು ಮೊಳೆ ಹೊಡೆದು, ದಾರವನ್ನು ಮೊದಲು ಕಲ್ಲು ಕಟ್ಟಿ ಒಂದು ರಾತ್ರಿ ತೂಗುಬಿಟ್ಟು ಹಿಗ್ಗು ತೆಗೆದು, ಆ ಮೊಳೆಗಳ ನಡುವೆ ಬಿಗಿಯಾಗಿ ಎಳೆದು ಕುಣಿಕೆ ಹಾಕಿ. ಅಳತೆಪಟ್ಟಿ ಹಿಡಿದು ಒಂದೊಂದನ್ನೇ ಕತ್ತರಿಸಿದರೆ ಈ ನಿಖರತೆ ಬರುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಬೇಕು. ಒಂದೇ ದಾರಕ್ಕೆ ಕವಲುದಾರಗಳಿಂದ ಹಲವು ಪಟಗಳನ್ನು ಕಟ್ಟಿ ಏರಿಸುವುದು ಹಳೆಯ ಪದ್ಧತಿ. ಅಮೆರಿಕದ ಬಾಸ್ಟನ್ ಬಳಿಯ ಬ್ಲೂ ಹಿಲ್ ವೀಕ್ಷಣಾಲಯದವರು 1890ರ ದಶಕದಲ್ಲಿ ಹವಾಮಾನದ ಉಪಕರಣಗಳನ್ನು ಹೀಗೆಯೇ ಎತ್ತರಕ್ಕೆ ಕಳುಹಿಸುತ್ತಿದ್ದರು. ಅಲ್ಲಿ ಭಾರ ಹೊರುವುದು ಮುಖ್ಯ ದಾರ, ಪಟದ ಕಡ್ಡಿಯಲ್ಲ. ಆದ್ದರಿಂದ ಎಲ್ಲ ಪಟಗಳೂ ಒಂದೇ ಬಗೆಯಾಗಿದ್ದರೆ ನಡೆಯುತ್ತದೆ. ಎರಡು ದಾರದ ವಜ್ರಾಕೃತಿ ಪಟವನ್ನು ಇಂಗ್ಲೆಂಡಿನ ಪೀಟರ್ ಪೊವೆಲ್ 1972ರಲ್ಲಿ ಜನಪ್ರಿಯಗೊಳಿಸಿದರು. ಆ ಬಗೆಯ ಪಟಗಳ ಸಾಲಿನಲ್ಲಿ ಎಳೆತವೆಲ್ಲ ಮೊದಲ ಪಟದ ಕಡ್ಡಿಯ ಮೇಲೆ ಬೀಳುತ್ತದೆ. ಮೊದಲ ಪದ್ಧತಿಯ ನಿಯಮವನ್ನು ಎರಡನೆಯದಕ್ಕೆ ಹಚ್ಚಿದರೆ ಕಡ್ಡಿ ಮುರಿಯುತ್ತದೆ.

ಹಾರಿಸುವ ದಾರದ ವಿಷಯ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಹೊರದೇಶಗಳಲ್ಲಿ ಇದಕ್ಕೆ ಡೈನೀಮಾ ಎಂಬ ಕೃತಕ ಎಳೆಯ ದಾರ ಬಳಸುತ್ತಾರೆ. ಅದು ಹಿಗ್ಗುವುದಿಲ್ಲ, ಎರಡು ದಾರ ಹೊಸೆದುಕೊಂಡರೂ ಜಾರುತ್ತದೆ. ನಮ್ಮಲ್ಲಿ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಾಳಿಪಟಕ್ಕೆ ನೈಲಾನ್ ಮತ್ತಿತರ ಕೃತಕ ದಾರ ಬಳಸುವುದನ್ನು ನಿಷೇಧಿಸಿದೆ. ಕೊರಳು ಕೊಯ್ಯುವ ಮಾಂಜಾವನ್ನು ತಡೆಯುವುದು ಅದರ ಉದ್ದೇಶವಾದರೂ ಆದೇಶದ ವ್ಯಾಪ್ತಿ ದೊಡ್ಡದು. ಶಾಲೆಯ ಮಕ್ಕಳೊಂದಿಗೆ ಹಾರಿಸುವವರು ಆ ಗೆರೆಯನ್ನು ಮುಟ್ಟದಿರುವುದೇ ಸರಿಯೆಂದು ನನ್ನ ಅಭಿಪ್ರಾಯ. ಹೆಣೆದ, ಗಾಜು ಅಂಟು ಏನೂ ಇಲ್ಲದ 3 ಮಿ.ಮೀ. ಹತ್ತಿ ದಾರವನ್ನು ಬಳಸಿ, ಕೊಂಡಿದಾರಕ್ಕೂ 2 ಮಿ.ಮೀ. ಹತ್ತಿಯೇ ಇರಲಿ, ಮತ್ತು ಆರರ ಬದಲು ಮೂರು ಪಟಗಳ ಎರಡು ಸಾಲು ಮಾಡಿ. ಮೂರರ ಎಳೆತ 25 ಕಿ.ಮೀ. ಗಾಳಿಯಲ್ಲಿ 20 ಕಿಲೋ ಮೀರುವುದಿಲ್ಲ. ಪ್ರೌಢಶಾಲೆಯ ಹುಡುಗನೋ ಹುಡುಗಿಯೋ ನೀವು ಪಕ್ಕದಲ್ಲಿದ್ದರೆ ಅದನ್ನು ಹಿಡಿಯಬಲ್ಲರು. ತಿರುಗಿಸುವಾಗ ಎಳೆತವೆಲ್ಲ ಒಂದೇ ದಾರಕ್ಕೆ ಬರುತ್ತದೆ, ಗಂಟು ಹಾಕಿದ ಜಾಗದಲ್ಲಿ ದಾರದ ಬಲ ಅರ್ಧದವರೆಗೆ ಕುಗ್ಗುತ್ತದೆ. ಹೀಗಾಗಿ ಒಂದೊಂದು ದಾರವೂ ಕನಿಷ್ಠ 40 ಕಿಲೋ ತಾಳಬೇಕು. ಅಂಗಡಿಯವರ ಮಾತಿಗಿಂತ ಮರದ ಕೊಂಬೆಗೆ ಕಟ್ಟಿ ಇಟ್ಟಿಗೆ ತೂಗಿ ನೋಡುವುದೇ ಖಚಿತ.

ಈಗ ನಿಲ್ಲಿಸಿಕೊಳ್ಳುವ ಚೌಕಟ್ಟು. ಇದಕ್ಕೆ ಬೇಕಾದ ಸಾಮಾನು ನಿಮ್ಮ ಊರಿನ ಪ್ರತಿ ಟೊಮೆಟೊ ತೋಟದ ಬದುವಿನಲ್ಲಿ ರಾಶಿ ಬಿದ್ದಿರುತ್ತದೆ: ಗಿಡಕ್ಕೆ ಊರುವ ನೀಲಗಿರಿ ಕಡ್ಡಿಗಳು. ನೇರವಾಗಿರುವ ಆರು ಕಡ್ಡಿ ಆರಿಸಿ. ಒಂದು ಮೀಟರ್ ಉದ್ದದ ಎರಡನ್ನು 60 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ, ತುದಿಗಿಂತ ಹತ್ತು ಸೆಂ.ಮೀ. ಕೆಳಗೊಂದು, ಬುಡಕ್ಕಿಂತ ಇಪ್ಪತ್ತು ಸೆಂ.ಮೀ. ಮೇಲೊಂದು ಅಡ್ಡಪಟ್ಟಿ ಕಟ್ಟಿ ಏಣಿಯಂತೆ ಮಾಡಿ. ಉಳಿದ ಎರಡನ್ನು ಹಿಂದಿನಿಂದ ಊರುಗೋಲಿನಂತೆ ಕೊಟ್ಟು, ಏಣಿಯು ಲಂಬಕ್ಕಿಂತ ಸುಮಾರು 30 ಡಿಗ್ರಿ ಹಿಂದಕ್ಕೆ, ಅಂದರೆ ಹಾರಿಸುವವರಿಂದ ಆಚೆಗೆ ವಾಲುವಂತೆ ನಿಲ್ಲಿಸಿ. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬಂದು ಪಟಗಳನ್ನು ಏಣಿಗೆ ಒತ್ತಿ ಹಿಡಿಯುತ್ತದೆ. ವಾಲು ಕಡಿಮೆಯಾದರೆ ಗಾಳಿಯ ಒಂದು ಬೀಸಿಗೆ ಪಟ ತಾನಾಗಿ ಎದ್ದುಬಿಡುತ್ತದೆ. ಚೌಕಟ್ಟನ್ನು ಗಾಳಿ ಹಿಂದಕ್ಕೆ ತಳ್ಳುವುದರಿಂದ ಹಿಂಗಾಲುಗಳ ಬುಡಕ್ಕೆ ಗೂಟ ಹೊಡೆಯಲೇಬೇಕು.

ಈ ಎತ್ತರ, ಅಗಲಗಳು ಪಟದ ಎತ್ತರ, ಅಗಲಗಳಿಗಿಂತ ಕಿರಿದಾಗಿರುವುದನ್ನು ಗಮನಿಸಿ. ಚೌಕಟ್ಟಿನ ಯಾವ ಮೇಲ್ತುದಿಯೂ ಪಟದ ಅಂಚಿನಿಂದ ಆಚೆ ಇಣುಕಬಾರದು. ಇಣುಕಿದರೆ ಕೊಂಡಿದಾರ ಅದಕ್ಕೆ ಸಿಕ್ಕಿ ಸಾಲು ಅರ್ಧ ಎದ್ದು ಅರ್ಧ ಅಲ್ಲೇ ನಿಂತು ಹರಿಯುತ್ತದೆ. ಅದೇ ಕಾರಣಕ್ಕೆ ಮೊಳೆ, ಬೋಲ್ಟು, ಕಟ್ಟುತಂತಿಯ ತುದಿ ಯಾವುದೂ ಬೇಡ. ಹಗ್ಗದಿಂದಲೇ ಬಿಗಿದು, ಪಟ ಒರಗುವ ಅಡ್ಡಪಟ್ಟಿಗಳಿಗೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ.

ಪಟಗಳನ್ನು ಜೋಡಿಸುವಾಗ ಕೊನೆಯ ಪಟ ಮೊದಲು ಏಣಿಗೆ ಒರಗಬೇಕು, ಅದರ ಮೇಲೆ ಅದಕ್ಕೆ ಮುಂದಿನದು, ಎಲ್ಲಕ್ಕಿಂತ ಮೇಲೆ ಮೊದಲ ಪಟ. ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಪ್ರತಿಯೊಂದನ್ನು ಇಡುವಾಗ ಅದರ ಕೊಂಡಿದಾರಗಳನ್ನು ಎರಡು ಪಟಗಳ ನಡುವೆಯೇ ಇಳಿಬಿಡಿ, ಬೆನ್ನುಕಡ್ಡಿಯ ಬುಡದ ಕೆಳಗೆ ಸುತ್ತಿಕೊಳ್ಳದಿರಲಿ. ಹಾರಿಸುವ ದಾರದ ಹಿಡಿಗಳನ್ನು ನಿಮ್ಮ ಕಡೆ ಒಂದು ಗೂಟಕ್ಕೆ ಸಿಕ್ಕಿಸಿ, ದಾರಕ್ಕೆ ಅರ್ಧ ಮೀಟರ್ ಸಡಿಲ ಬಿಡಿ. ಒಬ್ಬ ಸಹಾಯಕ ಮಾತ್ರ ಚೌಕಟ್ಟಿನಿಂದ ಐದಾರು ಮೀಟರ್ ಪಕ್ಕದಲ್ಲಿ ನಿಂತಿರಲಿ.

ಜಾಗ ಮತ್ತು ಕಾಲ ನಿಮಗೆ ಅನುಕೂಲವಾಗಿವೆ. ಆಷಾಢದಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುವ ಗಾಳಿ ಕೋಲಾರ ಜಿಲ್ಲೆಯಲ್ಲಿ ಬಲವಾಗಿದ್ದು ಮಳೆ ಅಷ್ಟಾಗಿ ಇರುವುದಿಲ್ಲ. ಹಿಂದೆ ಒಣಗಿದ ಕೆರೆಯಂಗಳಗಳೇ ಈ ಆಟಕ್ಕೆ ಉತ್ತಮ ಜಾಗವಾಗಿದ್ದವು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು) ಬರುತ್ತಿರುವ ಕೆರೆಗಳಲ್ಲಿ ಅದು ಸಾಧ್ಯವಿಲ್ಲ, ನೀರು ಬಂದದ್ದು ಒಳ್ಳೆಯದೇ. ಗೋಮಾಳದ ಬಯಲು ಹುಡುಕಿ. ಅಂತರಗಂಗೆಯಂಥ ಗುಡ್ಡದ ಪೂರ್ವದ ಮಗ್ಗುಲು ಬೇಡ. ಪಶ್ಚಿಮದ ಗಾಳಿ ಗುಡ್ಡ ದಾಟಿ ಇಳಿಯುವಲ್ಲಿ ಸುಳಿಯಾಗುತ್ತದೆ, ಸುಳಿಯಲ್ಲಿ ಸಾಲುಪಟದ ಒಂದು ಪಟಕ್ಕೆ ಗಾಳಿ ಸಿಕ್ಕರೆ ಇನ್ನೊಂದಕ್ಕೆ ಸಿಗುವುದಿಲ್ಲ. ವಿದ್ಯುತ್ ತಂತಿ, ರಸ್ತೆ ಎರಡೂ ದಾರದ ಉದ್ದಕ್ಕಿಂತ ಬಹಳ ದೂರದಲ್ಲಿರಬೇಕು. ದಾರ 30 ಮೀಟರ್ ಇದ್ದರೆ ಸಾಕು.

ಏರಿಸುವಾಗ ಹಿಡಿಗಳನ್ನು ಎದೆಯ ಮಟ್ಟದಲ್ಲಿ ಸಮನಾಗಿ ಹಿಡಿದು, ಗಾಳಿಗೆ ಬೆನ್ನು ಮಾಡಿ, ಜಗ್ಗದೆ ಒಂದೇ ವೇಗದಲ್ಲಿ ಹಿಂದಕ್ಕೆ ನಡೆಯಿರಿ. ಮೊದಲ ಪಟ ನೆಟ್ಟಗಾಗಿ ಏಣಿಯಿಂದ ಬಿಡಿಸಿಕೊಳ್ಳುತ್ತದೆ, 90 ಸೆಂ.ಮೀ. ಸಾಗಿದ ಮೇಲೆ ಎರಡನೆಯದನ್ನು ಎಬ್ಬಿಸುತ್ತದೆ, ಅದು ಮೂರನೆಯದನ್ನು. ಮೂರು ಪಟಗಳಿಗೆ ಸುಮಾರು ಎರಡು ಮೀಟರ್, ಆರಕ್ಕೆ ನಾಲ್ಕೂವರೆ ಮೀಟರ್‌ನ ಎಳೆತ ಬೇಕಾಗುವುದರಿಂದ ನಿಮ್ಮ ಹಿಂದೆ ಕಲ್ಲು, ಬದು, ಗುಂಡಿ ಇಲ್ಲವೆಂದು ಮೊದಲೇ ನಡೆದು ನೋಡಿಕೊಳ್ಳಿ. ಎಲ್ಲ ಪಟಗಳೂ ಬಿಡಿಸಿಕೊಂಡು ಕೊಂಡಿದಾರಗಳು ಬಿಗಿಯಾಗುವವರೆಗೆ ತಿರುಗಿಸಲು ಹೋಗಬೇಡಿ. ಇಳಿಸುವಾಗ ಸಾಲನ್ನು ಗಾಳಿಯ ಅಂಚಿಗೆ, ನಿಮ್ಮ ಎಡಕ್ಕೋ ಬಲಕ್ಕೋ, ನಿಧಾನವಾಗಿ ಒಯ್ದರೆ ಎಳೆತ ತಾನಾಗಿ ಕುಗ್ಗಿ ಪಟಗಳು ನೆಲಕ್ಕಿಳಿಯುತ್ತವೆ. ಆಗ ಸಹಾಯಕನು ದಾರವನ್ನು ಮುಟ್ಟದೆ ಮೊದಲ ಪಟದ ಬೆನ್ನುಕಡ್ಡಿಯನ್ನು ಹಿಡಿದು ಪಟವನ್ನು ಮಕಾಡೆ ಮಲಗಿಸಲಿ. ಅದರ ಮೇಲೆ ಮರಳಿನ ಚೀಲವಿಟ್ಟ ನಂತರವೇ ನೀವು ಹಿಡಿಗಳನ್ನು ಬಿಡಿ.